ಅರ್ಧ ಬೆಲೆಯ ಆನೆ ಸ್ಟಾಂಪ್ ತಗೊಳ್ಳಬಹುದಾ?

ಪ್ರಶ್ನೆ: ನಾವು ಅಮೆರಿಕದಲ್ಲಿ ಗಾಯಗೊಂಡ ಕಾಡುಪ್ರಾಣಿಗಳನ್ನು ಆರೈಕೆ ಮಾಡುವ ಚಿಕ್ಕ ಸಂಸ್ಥೆಯೊಂದರ ಸ್ವಯಂಸೇವಕರು. ವರ್ಷಕ್ಕೆ ಎರಡು ಸಲ ಸುಮಾರು 600 ಜನರಿಗೆ ದೇಣಿಗೆ ಕೇಳಿ ಪತ್ರ ಹಾಕುತ್ತೇವೆ. ಕೊಟ್ಟವರಿಗೆ ಧನ್ಯವಾದದ ಪತ್ರ ಬೇರೆ. ಕವರ್ ಮೇಲೆ ಪ್ರಾಣಿಯೋ ಪಕ್ಷಿಯೋ ಇರುವ ಸ್ಟಾಂಪೇ ಇರಲಿ ಅಂತ ಎಲ್ಲರಿಗೂ ಆಸೆ. ಆದರೆ ಅಂಚೆ ಖರ್ಚು ಕೈ ಮೀರುತ್ತಿದೆ. ಆನ್‌ಲೈನ್‌ನಲ್ಲಿ ನೂರು ಆನೆ ಸ್ಟಾಂಪ್ 45 ಡಾಲರ್‌ಗೆ ಕಾಣಿಸಿತು. ತಗೊಳ್ಳಬಹುದಾ? ಇಲ್ಲದಿದ್ದರೆ ಕಡಿಮೆ ಖರ್ಚಿಗೆ ಬೇರೆ ದಾರಿ ಇದೆಯಾ?

ಉತ್ತರ: ತಗೊಳ್ಳಬೇಡಿ. ಮೊದಲು ಆ ಪುಟ ಮುಚ್ಚಿಬಿಡಿ, ಆಮೇಲೆ ಮುಂದಿನದು ಓದಿ.

ನೀವು ನೋಡಿದ ಆನೆ ಸ್ಟಾಂಪ್ ಅಮೆರಿಕದ ಅಂಚೆ ಇಲಾಖೆ 2022ರ ಆಗಸ್ಟ್ 12ರಂದು, ವಿಶ್ವ ಆನೆ ದಿನಕ್ಕೆ ಬಿಡುಗಡೆ ಮಾಡಿದ್ದು. ತಾಯಿ ಆನೆ, ಜೊತೆಗೆ ಮರಿ. ಇಪ್ಪತ್ತರ ಹಾಳೆಯಲ್ಲಿ ಬರುತ್ತದೆ. ಅದು ಫಾರೆವರ್ ಸ್ಟಾಂಪ್. ಅಂದರೆ ಅದರ ಮೇಲೆ ಬೆಲೆ ಅಚ್ಚಾಗಿಲ್ಲ. ಒಂದು ಔನ್ಸ್ (ಸುಮಾರು 28 ಗ್ರಾಂ) ತೂಕದ ಫಸ್ಟ್ ಕ್ಲಾಸ್, ಅಂದರೆ ಮಾಮೂಲಿ ಪತ್ರಕ್ಕೆ ಆ ದಿನ ಎಷ್ಟು ದರವೋ ಅದರ ಬೆಲೆ ಅಷ್ಟು. 2025ರ ಜುಲೈಯಲ್ಲಿ ಆ ದರ 78 ಸೆಂಟ್ ಆಯಿತು. ಈ ಉತ್ತರದಲ್ಲಿ ನಾನು ಅದೇ ದರ ಇಟ್ಟುಕೊಂಡು ಲೆಕ್ಕ ಹಾಕುತ್ತೇನೆ. ಆ ಲೆಕ್ಕದಲ್ಲಿ ನೂರು ಸ್ಟಾಂಪ್ ಅಂದರೆ 78 ಡಾಲರ್. ಅಂಚೆ ಕಚೇರಿಗೆ ಹೋದರೆ ಅಷ್ಟೇ ಬೆಲೆಯ ಕೆಲಸ ಮಾಡುವ ವಸ್ತುವನ್ನು ಯಾರಾದರೂ 45 ಡಾಲರ್‌ಗೆ ಯಾಕೆ ಮಾರುತ್ತಾರೆ? ಅಸಲಿ ಸ್ಟಾಂಪ್ ಇಟ್ಟುಕೊಂಡವರಿಗೆ ಅವಸರವೇ ಇಲ್ಲ. ದರ ಏರಿದಷ್ಟೂ ಅವರ ಸ್ಟಾಂಪಿನ ಬೆಲೆ ತಾನಾಗಿ ಏರುತ್ತದೆ. ಹಾಗಾಗಿ ಫಾರೆವರ್ ಸ್ಟಾಂಪ್ ಅರ್ಧ ಬೆಲೆಗೆ ಬಂತು ಅಂದರೆ ಅದು ನಕಲಿ ಅಂತಲೇ ತಿಳಿಯಿರಿ. ಮುಖಬೆಲೆಗಿಂತ 20ರಿಂದ 50 ಶೇಕಡಾ ಕಡಿಮೆಗೆ ಮಾರುವವರ ಬಗ್ಗೆ ಅಂಚೆ ಇಲಾಖೆಯೇ ಎಚ್ಚರಿಸುತ್ತದೆ.

ನಕಲಿ ಸಿಕ್ಕಿಬಿದ್ದರೆ ಏನಾಗುತ್ತದೆ ಅನ್ನೋದು ನಿಮಗೆ ಮುಖ್ಯ. ಈಗಿನ ನಿಯಮದಂತೆ ನಕಲಿ ಸ್ಟಾಂಪ್ ಹಚ್ಚಿದ ಅಂಚೆಯನ್ನು ಬಿಟ್ಟುಹೋದ ಮಾಲು ಅಂತ ಪರಿಗಣಿಸುತ್ತಾರೆ. ಅದನ್ನು ತೆರೆಯಬಹುದು, ವಿಲೇವಾರಿ ಮಾಡಬಹುದು. ನಿಮಗೆ ವಾಪಸ್ ಬರಲೇಬೇಕು ಅಂತಿಲ್ಲ. ವರ್ಷದ ಕೊನೆಯ ಮನವಿ ಪತ್ರ 600 ಮನೆಗಳಿಗೆ ತಲುಪದೇ ಹೋದರೆ ಹೋಗುವುದು ಸ್ಟಾಂಪಿನ ದುಡ್ಡು ಮಾತ್ರ ಅಲ್ಲ. ಆ ಹಂಗಾಮಿನ ದೇಣಿಗೆ ಹೋಗುತ್ತದೆ. ಯಾಕೆ ಯಾರೂ ಕೊಡಲಿಲ್ಲ ಅಂತ ನಿಮಗೆ ಗೊತ್ತೂ ಆಗುವುದಿಲ್ಲ.

ಹಾಗಾದರೆ ಕಡಿಮೆ ಬೆಲೆಗೆ ಅಸಲಿ ಸ್ಟಾಂಪ್ ಸಿಗುವುದೇ ಇಲ್ವಾ? ಸಿಗುತ್ತದೆ. ಆದರೆ ಅದು ಫಾರೆವರ್ ಅಲ್ಲ, ಬೆಲೆ ಅಚ್ಚಾಗಿರುವ ಹಳೆಯ ಸ್ಟಾಂಪ್. ಈ ವ್ಯತ್ಯಾಸ ಒಂದು ಗಟ್ಟಿ ಮಾಡಿಕೊಂಡರೆ ನಿಮ್ಮ ಅರ್ಧ ಚಿಂತೆ ಮುಗಿಯಿತು.

ಇದರ ಹಿಂದೆ ಒಂದು ಕಥೆ ಇದೆ. ಇಪ್ಪತ್ತನೇ ಶತಮಾನದಲ್ಲಿ ಅಮೆರಿಕದ ಎಷ್ಟೋ ಮನೆಗಳಲ್ಲಿ ಸ್ಟಾಂಪ್ ಸಂಗ್ರಹದ ಹವ್ಯಾಸ ಇತ್ತು. ಮುಂದೆ ಬೆಲೆ ಬರುತ್ತೆ ಅಂತ ಜನ ಹೊಸ ಹಾಳೆಗಳನ್ನು ಹಾಗೇ ಕೊಂಡು ಎತ್ತಿಟ್ಟರು. ಆದರೆ ಎಲ್ಲರೂ ಎತ್ತಿಟ್ಟಿದ್ದರಿಂದ ಯಾವುದೂ ಅಪರೂಪ ಆಗಲಿಲ್ಲ. ಈಗ ಮಕ್ಕಳು, ಮೊಮ್ಮಕ್ಕಳು ಆ ಪೆಟ್ಟಿಗೆಗಳನ್ನು ವ್ಯಾಪಾರಿಗಳಿಗೆ ಕೊಡುತ್ತಿದ್ದಾರೆ. ವ್ಯಾಪಾರಿ ಅದನ್ನು ಮುಖಬೆಲೆಗಿಂತ ಕಡಿಮೆಗೆ ಕೊಂಡು, ಸ್ವಲ್ಪ ಲಾಭ ಇಟ್ಟು, ಇನ್ನೂ ಮುಖಬೆಲೆಗಿಂತ ಕಡಿಮೆಗೇ ಮಾರುತ್ತಾರೆ. ಅಂಚೆ ಕಚೇರಿಗೆ ಮಾತ್ರ ಅದರ ಮೇಲಿನ ಅಂಕಿ ಪೂರ್ತಿ ಮಾನ್ಯ. 1861ರಿಂದ ಈಚೆಗೆ ಬಂದ ಅಮೆರಿಕದ ಅಂಚೆಚೀಟಿಗಳು ಬಳಸದೇ ಉಳಿದಿದ್ದರೆ ಇವತ್ತಿಗೂ ನಡೆಯುತ್ತವೆ. ನೂರು ಡಾಲರ್ ಮುಖಬೆಲೆಯ ಕಟ್ಟು ನಿಮಗೆ 75ಕ್ಕೆ ಸಿಕ್ಕಿತು ಅಂದುಕೊಳ್ಳಿ. ಆ 25 ಡಾಲರ್ ನ್ಯಾಯವಾದ ಉಳಿತಾಯ. ಇಲ್ಲಿ ರಿಯಾಯಿತಿ ಯಾಕೆ ಅಂತ ಕೇಳಿದರೆ ಉತ್ತರ ಇದೆ. ಫಾರೆವರ್ ಮಾರುವವರ ಹತ್ತಿರ ಆ ಉತ್ತರ ಇಲ್ಲ.

ನಿಮ್ಮ ಅದೃಷ್ಟಕ್ಕೆ, ಹಳೆಯ ಸ್ಟಾಂಪುಗಳಲ್ಲಿ ವನ್ಯಜೀವಿಗಳಿಗೆ ಬರವಿಲ್ಲ. 1982ರಲ್ಲಿ ಐವತ್ತು ರಾಜ್ಯಗಳ ಹಕ್ಕಿ ಮತ್ತು ಹೂವಿನ ಹಾಳೆ ಬಂತು, ಒಂದೊಂದು 20 ಸೆಂಟ್. 1987ರಲ್ಲಿ ಉತ್ತರ ಅಮೆರಿಕದ ವನ್ಯಜೀವಿಗಳ ಹಾಳೆ, ಐವತ್ತು ಬೇರೆ ಬೇರೆ ಜೀವಿಗಳು, ಒಂದೊಂದು 22 ಸೆಂಟ್. 1992ರಲ್ಲಿ 29 ಸೆಂಟಿನ ಕಾಡುಪ್ರಾಣಿಗಳ ಕಿರುಪುಸ್ತಿಕೆ: ಜಿರಾಫೆ, ಪಾಂಡಾ, ಫ್ಲೆಮಿಂಗೊ, ಪೆಂಗ್ವಿನ್, ಬಿಳಿ ಹುಲಿ. 1996ರಲ್ಲಿ ಅಳಿವಿನಂಚಿನ ಜೀವಿಗಳ ಹದಿನೈದರ ಹಾಳೆ, 32 ಸೆಂಟಿನದು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಪ್ರೀತಿ 1999ರಿಂದ 2010ರವರೆಗೆ ವರ್ಷಕ್ಕೊಂದರಂತೆ ಬಂದ ‘ನೇಚರ್ ಆಫ್ ಅಮೆರಿಕ’ ಮಾಲೆಯ ಮೇಲೆ. ಹನ್ನೆರಡು ಹಾಳೆ, ಎಲ್ಲದರ ಚಿತ್ರ ಜಾನ್ ಡಾಸನ್ ಅವರದು. ಒಂದೊಂದು ಹಾಳೆಯೂ ಒಂದು ಇಡೀ ಕಾಡಿನ ಅಥವಾ ಕಡಲಿನ ಚಿತ್ರ. ಅದರೊಳಗೆ ಅಲ್ಲಲ್ಲಿ ಹತ್ತು ಸ್ಟಾಂಪ್ ಅಡಗಿವೆ. ಹಿಂಬದಿಯಲ್ಲಿ ಯಾವ ಜೀವಿ ಎಲ್ಲಿದೆ ಅಂತ ಹೆಸರಿನ ಪಟ್ಟಿ ಇದೆ. ಸ್ಟಾಂಪ್ ಬಿಡಿಸಿ ತೆಗೆದರೆ ಸುತ್ತಲಿನ ಚಿತ್ರ ಹಾಳೆಯಲ್ಲೇ ಉಳಿಯುತ್ತದೆ. ಉಳಿದ ಹಾಳೆಯನ್ನು ಎಸೆಯಬೇಡಿ. ನಿಮ್ಮ ಕೇಂದ್ರಕ್ಕೆ ಬರುವ ಮಕ್ಕಳಿಗೆ ಕೊಡಿ, ಹಿಂಬದಿಯ ಪಟ್ಟಿ ಹಿಡಿದು ಪ್ರಾಣಿ ಹುಡುಕುತ್ತಾ ಕೂತುಬಿಡುತ್ತವೆ. ಇವೆಲ್ಲ ತಾನೇ ಅಂಟುವ ಸ್ಟಾಂಪುಗಳು, ನೀರು ಬೇಕಿಲ್ಲ.

ಈಗ ಜೋಡಿಸುವ ಲೆಕ್ಕಕ್ಕೆ ಬರೋಣ. 78 ಸೆಂಟ್ ಆಗಬೇಕು. ಅದೇ ಮಾಲೆಯಲ್ಲಿ 2006ರ ದಕ್ಷಿಣ ಫ್ಲಾರಿಡಾ ಜೌಗು ಪ್ರದೇಶದ ಹಾಳೆಯ ಸ್ಟಾಂಪ್ 39 ಸೆಂಟಿನದು. ಎರಡು ಹಚ್ಚಿದರೆ ಸರಿಯಾಗಿ 78. ಒಂದು ಕವರ್ ಮೇಲೆ ಫ್ಲಾರಿಡಾ ಪ್ಯಾಂಥರ್, ಪಕ್ಕದಲ್ಲಿ ಗುಲಾಬಿ ಬಣ್ಣದ ಚಮಚಕೊಕ್ಕು ಹಕ್ಕಿ. ಇನ್ನೊಂದು ಕವರ್ ಮೇಲೆ ಮೊಸಳೆ ಮತ್ತು ಬೋಳು ಹದ್ದು. ಒಂದು ಹಾಳೆಗೆ ಐದು ಪತ್ರ ಆಯಿತು. 2009ರ ಕೆಲ್ಪ್ ಎಂಬ ಕಡಲಪಾಚಿಯ ಕಾಡು ಮತ್ತು 2010ರ ಹವಾಯಿ ಮಳೆಕಾಡು 44 ಸೆಂಟಿನವು. 2001ರ ಹುಲ್ಲುಗಾವಲು ಮತ್ತು 2002ರ ಪೈನ್ ಕಾಡು 34 ಸೆಂಟಿನವು. ಆ ಎರಡರಿಂದ ಒಂದು, ಈ ಎರಡರಿಂದ ಒಂದು ತೆಗೆದುಕೊಂಡರೆ ಮತ್ತೆ 78. 2007ರ ಆಲ್ಪೈನ್ ಟಂಡ್ರಾ 41 ಸೆಂಟ್. ಅದಕ್ಕೆ 2003, 2004, 2005ರ ಯಾವುದಾದರೂ 37 ಸೆಂಟಿನದು ಸೇರಿಸಿದರೆ ಅದೂ 78. ಇನ್ನೂ ಹಳೆಯದು ಬೇಕಾದರೆ 1992ರ ಕಾಡುಪ್ರಾಣಿ ಎರಡು, 1982ರ ರಾಜ್ಯಪಕ್ಷಿ ಒಂದು. 29, 29, 20 ಕೂಡಿಸಿ ನೋಡಿ.

ದರ ಮುಂದೆ ಬದಲಾದಾಗ ಈ ಜೋಡಿಗಳು ಕೆಲಸಕ್ಕೆ ಬಾರದೆ ಹೋಗುವುದಿಲ್ಲ. ಕೊರತೆ ತುಂಬಲು ಚಿಲ್ಲರೆ ಸ್ಟಾಂಪುಗಳಿವೆ, ಅವುಗಳ ಮೇಲೂ ಹಕ್ಕಿಗಳೇ. 1 ಸೆಂಟಿನದರ ಮೇಲೆ ಕೆಸ್ಟ್ರೆಲ್ ಎಂಬ ಪುಟ್ಟ ಗಿಡುಗ, 2 ಸೆಂಟಿನದರ ಮೇಲೆ ಕೆಂಪು ತಲೆಯ ಮರಕುಟಿಗ, 3 ಸೆಂಟಿನದರ ಮೇಲೆ ಬ್ಲೂಬರ್ಡ್. ದರ ಎರಡು ಸೆಂಟ್ ಏರಿದರೆ ಮೂಲೆಯಲ್ಲಿ ಒಂದು ಮರಕುಟಿಗ ಹಚ್ಚಿ, ಅಷ್ಟೇ. ಕವರ್ ಇನ್ನೂ ಚೆನ್ನಾಗೇ ಕಾಣುತ್ತದೆ. ವ್ಯಾಪಾರಿಯಿಂದ ತರಿಸುವಾಗ ಇಂಥವು ಒಂದಿಷ್ಟು ಸೇರಿಸಿಯೇ ಕೇಳಿ.

ಹಚ್ಚುವಾಗ ಕೆಲವು ವಿಷಯ ಗಮನದಲ್ಲಿರಲಿ. 1980ರ ದಶಕದ ಹಾಳೆಗಳಿಗೆ ನೀರು ತಾಗಿಸಬೇಕಾದ ಅಂಟು. ನಾಲಿಗೆ ಬೇಡ, ಒದ್ದೆ ಸ್ಪಂಜು ಸಾಕು. ಹಳೇ ಅಂಟು ಹಿಡಿಯದಿದ್ದರೆ ಅಂಟುಕಡ್ಡಿ ಸವರಿ ಹಚ್ಚಿದರೂ ನಡೆಯುತ್ತದೆ. ಒಂದರ ಮೇಲೊಂದು ಹತ್ತಿಸಬೇಡಿ. ಮುಚ್ಚಿಹೋದ ಸ್ಟಾಂಪ್ ಲೆಕ್ಕಕ್ಕಿಲ್ಲ. ಎಲ್ಲವೂ ಬಲ ಮೇಲ್ತುದಿಯಲ್ಲಿ, ವಿಳಾಸಕ್ಕೆ ತಾಗದಂತೆ ಇರಲಿ. ಇನ್ನೊಂದು ಒಳಗುಟ್ಟು: ಅಮೆರಿಕದ ಸ್ಟಾಂಪುಗಳಲ್ಲಿ ಕಣ್ಣಿಗೆ ಕಾಣದ ಒಂದು ಹೊಳೆಯುವ ಲೇಪ ಇರುತ್ತದೆ. ಠಸ್ಸೆ ಹೊಡೆಯುವ ಯಂತ್ರ ಕವರಿನ ಮುಂಭಾಗ ಯಾವುದು ಅಂತ ಕಂಡುಕೊಳ್ಳುವುದು ಅದರಿಂದಲೇ. ಒಂದೆರಡು ಸೆಂಟಿನ ಚಿಲ್ಲರೆ ಸ್ಟಾಂಪುಗಳಿಗೆ ಸಾಮಾನ್ಯವಾಗಿ ಈ ಲೇಪ ಇರುವುದಿಲ್ಲ. ಹಾಗಾಗಿ ಚಿಲ್ಲರೆಗಳನ್ನೇ ರಾಶಿ ಹಚ್ಚಬೇಡಿ, ಪ್ರತಿ ಕವರ್ ಮೇಲೂ ಒಂದಾದರೂ ದೊಡ್ಡ ಬೆಲೆಯದು ಇರಲಿ.

ಯಾರಿಂದ ಕೊಳ್ಳಬೇಕು? ಅಮೆರಿಕನ್ ಫಿಲಾಟೆಲಿಕ್ ಸೊಸೈಟಿ ಅಂತ 1886ರಿಂದ ಇರುವ ಸ್ಟಾಂಪ್ ಸಂಗ್ರಾಹಕರ ಸಂಘ ಇದೆ. ಅದರ ಸದಸ್ಯರಾಗಿರುವ ವ್ಯಾಪಾರಿಗಳು ಸಂಘದ ನಡತೆಯ ನಿಯಮಕ್ಕೆ ಒಪ್ಪಿರುತ್ತಾರೆ. ಅಂಥವರನ್ನು ಹುಡುಕಿ, ‘ಬಳಸದ ಹಳೆಯ ಸ್ಟಾಂಪ್, ಅಂಚೆಗೆ ಹಚ್ಚಲು, ವನ್ಯಜೀವಿ ಇರುವುದು’ ಅಂತ ಬಿಡಿಸಿ ಹೇಳಿ. ಸಂಗ್ರಹಕ್ಕೆ ಅಂದರೆ ಬೇರೆ ಬೆಲೆ, ಅಂಚೆಗೆ ಅಂದರೆ ಬೇರೆ ಬೆಲೆ. ಅಂಚಿನಲ್ಲಿ ಸ್ವಲ್ಪ ಮಡಿಕೆ ಬಿದ್ದಿದ್ದರೂ ಪರವಾಗಿಲ್ಲ ಅಂದರೆ ಇನ್ನೂ ಇಳಿಯಬಹುದು. ಆದರೆ ಠಸ್ಸೆ ಬೀಳದೆ ಬಂದ ಹಳೇ ಕವರುಗಳಿಂದ ಸ್ಟಾಂಪ್ ನೆನೆಸಿ ತೆಗೆದು ಮಾರುವವರೂ ಇದ್ದಾರೆ. ಒಮ್ಮೆ ಅಂಚೆಗೆ ಹೋದ ಸ್ಟಾಂಪನ್ನು ಮತ್ತೆ ಬಳಸುವುದು ಅಪರಾಧ. ‘ಅಂಟಿಲ್ಲದ ಸ್ಟಾಂಪ್, ತುಂಬಾ ಅಗ್ಗ’ ಅಂತ ಕಂಡರೆ ಎಲ್ಲಿಂದ ಬಂತು ಅಂತ ಕೇಳಿ, ಸರಿಯಾದ ಉತ್ತರ ಬರದಿದ್ದರೆ ಬಿಟ್ಟುಬಿಡಿ.

ಕೊಳ್ಳುವುದಕ್ಕಿಂತ ಮೊದಲು ನಿಮ್ಮ ದಾನಿಗಳನ್ನೇ ಕೇಳಿ ನೋಡಿ. ಸಂಸ್ಥೆಗಳು ಇದನ್ನು ಯಾಕೆ ಮಾಡುವುದಿಲ್ಲವೋ ನನಗೆ ತಿಳಿಯದು. ‘ಮನೆಯಲ್ಲಿ ಬಳಸದ ಹಳೇ ಸ್ಟಾಂಪ್ ಇದ್ದರೆ ನಮಗೆ ಕೊಡಿ, ಪತ್ರಕ್ಕೆ ಹಚ್ಚುತ್ತೇವೆ’ ಅಂತ ಮನವಿಯ ಕೆಳಗೆ ಎರಡು ಸಾಲು ಹಾಕಿ. ಅಪ್ಪನದೋ ಅಜ್ಜನದೋ ಪೆಟ್ಟಿಗೆ ಏನು ಮಾಡುವುದು ಅಂತ ತಿಳಿಯದೆ ಇಟ್ಟುಕೊಂಡವರು ಬಹಳ ಜನ. ವ್ಯಾಪಾರಿಗೆ ಕಡಿಮೆ ಬೆಲೆಗೆ ಕೊಡುವುದಕ್ಕಿಂತ ಪ್ರಾಣಿಗಳ ಆರೈಕೆಗೆ ಹೋಗಲಿ ಅಂತ ಎಷ್ಟೋ ಜನರಿಗೆ ಸಮಾಧಾನ. ಬಂದದ್ದರಲ್ಲಿ ಪ್ರಾಣಿಯ ಚಿತ್ರ ಇಲ್ಲದವನ್ನು ಕಚೇರಿಯ ಬೇರೆ ಪತ್ರಗಳಿಗೆ ಬಳಸಿ. ಹತ್ತಿರದ ಸ್ಟಾಂಪ್ ಸಂಗ್ರಾಹಕರ ಕ್ಲಬ್‌ನವರನ್ನೂ ಕೇಳಿ. ಅವರಲ್ಲಿ ಯಾವುದು ಅಪರೂಪದ್ದು, ಯಾವುದು ಹಚ್ಚಲಿಕ್ಕೆ ಅಂತ ನೋಡಿ ಹೇಳುವವರು ಸಿಗುತ್ತಾರೆ. ಬೆಲೆಬಾಳುವುದನ್ನು ಗೊತ್ತಿಲ್ಲದೆ ಕವರಿಗೆ ಹಚ್ಚಿದರೆ ನಷ್ಟ ಅಲ್ವಾ?

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮ 600 ಮನವಿ ಪತ್ರಗಳ ವಿಷಯ. ಅವುಗಳಿಗೆ ಈ ಯಾವ ಸ್ಟಾಂಪೂ ಬೇಡ ಅಂತ ನನ್ನ ಅಭಿಪ್ರಾಯ. ಫಸ್ಟ್ ಕ್ಲಾಸ್ ದರದಲ್ಲಿ ಲಾಭರಹಿತ ಸಂಸ್ಥೆಗೆ ರಿಯಾಯಿತಿ ಇಲ್ಲ. ರಿಯಾಯಿತಿ ಇರುವುದು ಮಾರ್ಕೆಟಿಂಗ್ ಮೇಲ್ ಎಂಬ ಬೇರೆ ವರ್ಗದಲ್ಲಿ. ಅದಕ್ಕೆ ಒಂದೇ ಥರದ ಪತ್ರ ಒಂದು ಸಲಕ್ಕೆ ಕನಿಷ್ಠ 200 ಇರಬೇಕು, ಇಲ್ಲವೇ ಒಟ್ಟು ತೂಕ 50 ಪೌಂಡ್ ಆಗಬೇಕು. ಪಿನ್‌ಕೋಡ್ ಪ್ರಕಾರ ನೀವೇ ವಿಂಗಡಿಸಿ ಕೊಡಬೇಕು. ಆಗ ಒಂದು ಪತ್ರಕ್ಕೆ ಫಸ್ಟ್ ಕ್ಲಾಸ್‌ನ ಸುಮಾರು ಮೂರನೇ ಒಂದು ಭಾಗದಷ್ಟೇ ಖರ್ಚು ಬರುತ್ತದೆ, ವಿಂಗಡಣೆ ಚೆನ್ನಾಗಿದ್ದರೆ ಇನ್ನೂ ಕಡಿಮೆ.

ತೆರಿಗೆ ಇಲಾಖೆಯ ವಿನಾಯಿತಿ ಇದ್ದ ಮಾತ್ರಕ್ಕೆ ಈ ದರ ತಾನಾಗಿ ಬರುವುದಿಲ್ಲ. ಅಂಚೆ ಇಲಾಖೆಗೆ ಪಿಎಸ್ ಫಾರ್ಮ್ 3624 ತುಂಬಿ ಕೊಟ್ಟು ಒಪ್ಪಿಗೆ ಪಡೆಯಬೇಕು. ಆ ಅರ್ಜಿಗೆ ಶುಲ್ಕ ಇಲ್ಲ. ಆದರೆ ಪತ್ರ ಹಾಕಲು ವಾರ್ಷಿಕ ಶುಲ್ಕ ಇದೆ, ಅದು 300 ಡಾಲರ್ ದಾಟುತ್ತದೆ. ಇಲ್ಲೇ ನೀವು ಲೆಕ್ಕ ಹಾಕಬೇಕಾದದ್ದು. ವರ್ಷಕ್ಕೆ ಒಂದೇ ಸಲ 600 ಪತ್ರ ಅಂದರೆ ಫಸ್ಟ್ ಕ್ಲಾಸ್‌ನಲ್ಲಿ 468 ಡಾಲರ್. ರಿಯಾಯಿತಿ ದರದಲ್ಲಿ ಅಂದಾಜು 156, ಅದಕ್ಕೆ ಶುಲ್ಕ ಸೇರಿದರೆ ಹೆಚ್ಚು ಕಡಿಮೆ ಅಲ್ಲಿಗೇ ಬಂತು, ಜಾಸ್ತಿಯೂ ಆಗಬಹುದು. ಆದರೆ ನೀವು ಎರಡು ಸಲ ಹಾಕುತ್ತೀರಿ. 936 ಡಾಲರ್ ಎದುರಿಗೆ ಅಂಚೆ ಖರ್ಚು 312, ಮೇಲೆ ಶುಲ್ಕ. ಈಗ ನಿಜವಾಗಿ ಉಳಿಯುತ್ತದೆ. ಅಂಚೆ ಕೆಲಸ ಮಾಡಿಕೊಡುವ ಮುದ್ರಣದವರು ಅಂಚೆ ಇಲಾಖೆ ತಮಗೆ ಕೊಟ್ಟ ಪರ್ಮಿಟ್‌ನಲ್ಲೇ ನಿಮ್ಮ ಪತ್ರ ಹಾಕಬಲ್ಲರು, ನಿಮ್ಮ ಸಂಸ್ಥೆಗೆ ಒಪ್ಪಿಗೆ ಇದ್ದರೆ ಸಾಕು. ಆಗ ವಾರ್ಷಿಕ ಶುಲ್ಕವೂ ತಪ್ಪುತ್ತದೆ. ಅವರ ಕೂಲಿ ಎಷ್ಟು ಅಂತ ಕೇಳಿ ಹೋಲಿಸಿ.

ಈ ವರ್ಗದ ಪತ್ರಕ್ಕೆ ಆನೆ ಸ್ಟಾಂಪ್, ಹಳೇ ಸ್ಟಾಂಪ್ ಹಚ್ಚುವ ಹಾಗಿಲ್ಲ. ಅದಕ್ಕೆಂದೇ ‘ನಾನ್‌ಪ್ರಾಫಿಟ್ ಆರ್ಗ್’ ಅಂತ ಅಚ್ಚಾದ 5 ಸೆಂಟಿನ ಸ್ಟಾಂಪ್ ಸುರುಳಿಯಲ್ಲಿ ಸಿಗುತ್ತದೆ, ಬಾಕಿ ಹಣವನ್ನು ಪತ್ರ ಒಪ್ಪಿಸುವಾಗ ಕಟ್ಟಬೇಕು. ಚಿತ್ರ ಆರಿಸಿಕೊಳ್ಳುವ ಅವಕಾಶ ಕಡಿಮೆ. 2011ರಲ್ಲಿ ಒಂದು ಹಾರುವ ಹಕ್ಕಿಯ ಚಿತ್ರ ಬಂದಿತ್ತು. ಸ್ಟಾಂಪಿನ ಬದಲು ಅಚ್ಚು ಹಾಕುವ ಬರೀ ಕಪ್ಪು ಪರ್ಮಿಟ್ ಮುದ್ರೆಗಿಂತ ಈ ಪುಟ್ಟ ಸ್ಟಾಂಪೇ ಮೇಲು ಅನ್ನೋದು ನನ್ನ ಭಾವನೆ, ಕವರ್ ಜಾಹೀರಾತಿನಂತೆ ಕಾಣುವುದಿಲ್ಲ. ಪ್ರಾಣಿಯ ಚಿತ್ರ ಬೇಕೇ ಬೇಕು ಅಂದರೆ ಕವರಿನ ಎಡಭಾಗದಲ್ಲಿ ನಿಮ್ಮಲ್ಲೇ ಚೇತರಿಸಿಕೊಂಡ ಪ್ರಾಣಿಯೊಂದರ ಫೋಟೊ ಅಚ್ಚು ಹಾಕಿಸಿ. ಯಾವ ಸ್ಟಾಂಪಿಗಿಂತಲೂ ಅದು ಹೆಚ್ಚು ಮಾತಾಡುತ್ತದೆ. ನಿಮ್ಮ ಫೋಟೊವನ್ನೇ ಸ್ಟಾಂಪ್ ಮಾಡಿಸುವ ಸೌಲಭ್ಯ ಮೊದಲು ಇತ್ತು, 2020ರಲ್ಲಿ ಅದನ್ನು ನಿಲ್ಲಿಸಿದರು.

ಚೆಂದದ ಸ್ಟಾಂಪುಗಳನ್ನು ಧನ್ಯವಾದದ ಪತ್ರಕ್ಕೆ ಉಳಿಸಿಕೊಳ್ಳಿ. ದೇಣಿಗೆಯ ಮೊತ್ತ, ರಸೀದಿ ಇರುವ ಪತ್ರ ಹೇಗೂ ಫಸ್ಟ್ ಕ್ಲಾಸ್‌ನಲ್ಲೇ ಹೋಗಬೇಕು. ವರ್ಷಕ್ಕೆ ಇನ್ನೂರೋ ಮುನ್ನೂರೋ ಇರಬಹುದು. ಒಬ್ಬರು ಕೂತು ಕೈಯಲ್ಲಿ ವಿಳಾಸ ಬರೆದು, ಪ್ಯಾಂಥರ್ ಮತ್ತು ಚಮಚಕೊಕ್ಕು ಹಚ್ಚಿ ಕಳಿಸಿದರೆ ಆ ಕವರ್ ಹಿಡಿದವರಿಗೆ ಅದು ಕಾಣದೆ ಹೋಗುವುದಿಲ್ಲ. ದುಡ್ಡು ಕೊಟ್ಟವರಿಗೆ ಅಷ್ಟು ಶ್ರದ್ಧೆ ಸಲ್ಲಬೇಕು.

ಹೊಸ ಸ್ಟಾಂಪೇ ಬೇಕಾದರೆ ಅಂಚೆ ಕಚೇರಿ ಅಥವಾ ಅಂಚೆ ಇಲಾಖೆಯ ಸ್ವಂತ ಆನ್‌ಲೈನ್ ಅಂಗಡಿಯಲ್ಲೇ ಕೊಳ್ಳಿ. ಜಾಸ್ತಿ ಕೊಂಡರೆ ಕಡಿಮೆ ಬೆಲೆ ಅನ್ನೋದು ಅಲ್ಲಿಲ್ಲ. ಆದರೆ ದರ ಏರುವ ಮುಂಚೆ ಕೊಂಡಿಟ್ಟರೆ ಉಳಿಯುತ್ತದೆ. 2023ರ ಜುಲೈಯಲ್ಲಿ 66 ಸೆಂಟಿಗೆ 500 ಫಾರೆವರ್ ಕೊಂಡವರು 330 ಡಾಲರ್ ಕೊಟ್ಟಿದ್ದರು, ಎರಡು ವರ್ಷದಲ್ಲಿ ಅದೇ ಕಟ್ಟು 390 ಡಾಲರಿನ ಕೆಲಸ ಮಾಡಿತು. ಏರಿಕೆಯನ್ನು ಮೊದಲೇ ಪ್ರಕಟಿಸುತ್ತಾರೆ, ಸುದ್ದಿ ಬಂದ ವಾರವೇ ಒಂದು ವರ್ಷಕ್ಕಾಗುವಷ್ಟು ತಂದಿಡಿ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಸಾಲ ಮಾಡಿ ತರುವಷ್ಟು ಲಾಭ ಅದರಲ್ಲಿಲ್ಲ. 2023ರಲ್ಲಿ, ಅಳಿವಿನಂಚಿನ ಜೀವಿಗಳ ಕಾಯ್ದೆಗೆ ಐವತ್ತು ವರ್ಷ ಆದಾಗ, ಜೋಯೆಲ್ ಸಾರ್ಟೋರ್ ಅವರ ಫೋಟೊಗಳ ಇಪ್ಪತ್ತರ ಹಾಳೆ ಬಂತು. ನಿಮ್ಮಂಥ ಸಂಸ್ಥೆಗೆ ಅದಕ್ಕಿಂತ ಹೊಂದುವ ಹೊಸ ಸ್ಟಾಂಪ್ ನಾನು ಕಂಡಿಲ್ಲ.

ಗೊಂದಲ ಮಾಡುವ ಮೂರು ಸ್ಟಾಂಪುಗಳ ಬಗ್ಗೆಯೂ ಹೇಳಿಬಿಡುತ್ತೇನೆ. 1934ರಿಂದ ಬರುತ್ತಿರುವ ಡಕ್ ಸ್ಟಾಂಪ್ ಬಾತುಕೋಳಿಯ ಸುಂದರ ಚಿತ್ರದ್ದು, ಅದರ ಹಣ ಹಕ್ಕಿಗಳ ನೆಲೆ ಉಳಿಸಲು ಹೋಗುತ್ತದೆ. ಆದರೆ ಅದು ಬೇಟೆಯ ಪರವಾನಗಿಗೆ ಸೇರಿದ್ದು, ಅಂಚೆಗೆ ನಡೆಯುವುದಿಲ್ಲ. ನ್ಯಾಷನಲ್ ವೈಲ್ಡ್‌ಲೈಫ್ ಫೆಡರೇಷನ್ 1938ರಿಂದ ಹಂಚಿದ ವನ್ಯಜೀವಿ ಚೀಟಿಗಳೂ ಹಳೇ ಪೆಟ್ಟಿಗೆಗಳಲ್ಲಿ ಸಿಗುತ್ತವೆ. ಅವುಗಳ ಮೇಲೆ ಅಂಚೆ ಬೆಲೆ ಇರುವುದಿಲ್ಲ, ಕವರಿನ ಹಿಂಬದಿಗೆ ಅಲಂಕಾರವಾಗಿ ಹಚ್ಚಬಹುದು ಅಷ್ಟೇ. ಇನ್ನು 2011ರ ಹುಲಿಮರಿಯ ಸ್ಟಾಂಪ್. ಅದು ಅಂಚೆಗೆ ನಡೆಯುತ್ತದೆ, ಆದರೆ ಮಾಮೂಲಿ ದರಕ್ಕಿಂತ ಜಾಸ್ತಿ ಬೆಲೆಗೆ ಮಾರಿದ್ದು. ಹೆಚ್ಚಿನ ಹಣ ಹುಲಿ, ಆನೆ, ಘೇಂಡಾಮೃಗ, ದೊಡ್ಡ ವಾನರಗಳು, ಕಡಲಾಮೆಗಳ ರಕ್ಷಣೆಯ ನಿಧಿಗೆ ಹೋಗುತ್ತದೆ. ಒಳ್ಳೆಯ ಕೆಲಸ. ಆದರೆ ನೀವು ಉಳಿಸಲು ಹೊರಟಿರುವಾಗ ಅದು ನಿಮ್ಮ ಆಯ್ಕೆ ಆಗಬಾರದು.

ವಾಪಸ್ ಕಳಿಸುವ ಕವರಿಗೆ ಸ್ಟಾಂಪ್ ಹಚ್ಚಿ ಕೊಡಬೇಕಾ ಅಂತ ಬಹಳ ಸಂಸ್ಥೆಗಳವರು ಕೇಳುತ್ತಾರೆ, ನಿಮಗೂ ಆ ಯೋಚನೆ ಬಂದಿರಬಹುದು. ಎಲ್ಲರಿಗೂ ಬೇಡ. ಆರುನೂರರಲ್ಲಿ ಉತ್ತರಿಸದವರ ಸ್ಟಾಂಪ್ ಸುಮ್ನೆ ಹೋಯಿತು. ಪ್ರತಿ ವರ್ಷ ತಪ್ಪದೆ ಕೊಡುವ ಹಳಬರಿಗೆ ಮಾತ್ರ ಹಚ್ಚಿ ಕೊಡಿ. ಮತ್ತೆ, ಚೌಕ ಆಕಾರದ ಶುಭಾಶಯ ಕವರ್ ಬಳಸಬೇಡಿ. ಅದು ಯಂತ್ರದಲ್ಲಿ ಹೋಗದ ಕಾರಣ ಹೆಚ್ಚುವರಿ ದರ ಬೀಳುತ್ತದೆ. ಆ ದರಕ್ಕೆಂದೇ 2010ರಿಂದ ಚಿಟ್ಟೆಯ ಸ್ಟಾಂಪುಗಳು ಬಂದಿವೆ, ಮೊದಲನೆಯದು ಮೊನಾರ್ಕ್. ಚಿಟ್ಟೆ ಚೆನ್ನಾಗಿದೆ ನಿಜ, ಆದರೆ ಉದ್ದನೆಯ ಮಾಮೂಲಿ ಕವರ್ ಆರಿಸಿದರೆ ಆ ದುಡ್ಡು ಉಳಿಯುತ್ತದೆ. ಪತ್ರದ ತೂಕವೂ ಒಂದು ಔನ್ಸ್ ದಾಟದಿರಲಿ. ಮಾಮೂಲಿ ಕಾಗದದ ನಾಲ್ಕು ಹಾಳೆ ಮತ್ತು ಕವರ್ ಅದರೊಳಗೆ ಬರುತ್ತದೆ, ಐದನೆಯದು ಹಾಕಿದರೆ ತೂಗಿ ನೋಡಿ.

ಈಗ ಮೊದಲು ಫಾರ್ಮ್ 3624 ಹಾಕಿ. ಒಪ್ಪಿಗೆ ಬರಲು ಸಮಯ ಹಿಡಿಯುತ್ತದೆ, ವರ್ಷದ ಕೊನೆಯ ಮನವಿಗೆ ಅದು ಕೈಯಲ್ಲಿರಬೇಕು. ಅದು ಬರುವಷ್ಟರಲ್ಲಿ ದಾನಿಗಳಿಂದ ಎಷ್ಟು ಹಳೇ ಸ್ಟಾಂಪ್ ಬಂತು ನೋಡಿಕೊಂಡು, ಕಡಿಮೆ ಬಿದ್ದಷ್ಟನ್ನು ಮಾತ್ರ ವ್ಯಾಪಾರಿಯಿಂದ ತರಿಸಿ.